ಆದ್ಯತೆ ಒಂದು

ಗೋಣಿಕೊಪ್ಪದಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ,
ಉನೈಸಣ್ಣನ ಸೈಬರ್ ಸೆಂಟರ್.
"ಆದ್ಯತೆ ಒಂದು ಹೇಳು" ಅನ್ನುತ್ತಾನೆ,
ಬೆರಳು ಕೀಲಿಯ ಮೇಲೆ, ಕಣ್ಣು ಗಡಿಯಾರದ ಮೇಲೆ.
ನಾಳೆ ಸಂಜೆ ಐದಕ್ಕೆ ಬಾಗಿಲು ಹಾಕುತ್ತದೆ,
ಅಂಗಡಿಯದಲ್ಲ, ಅರ್ಜಿಯದು.

ಮಡಿಲಲ್ಲಿ ಮೂರು ಕಾಲೇಜಿನ ಕೈಪಿಡಿ.
ಮೂರರ ಮುಖಪುಟದಲ್ಲೂ ಹುಲಿ.
ಅದೇ ಕಲ್ಲು, ಅದೇ ನೋಟ, ಅದೇ ಹರಿದ ಕಿವಿ;
ಒಂದರಲ್ಲಿ ಮಾತ್ರ ಎಡವನ್ನು ಬಲ ಮಾಡಿದ್ದಾರೆ.

ನನಗೆ ಬೇಕಾದ್ದು ಹುಲಿಯಲ್ಲ.
ನನ್ನ ಬಳಿ ಮೂರು ವರ್ಷದ ಒಂದು ನೋಟುಬುಕ್ಕಿದೆ:
ಕಾಫಿ ಕಳದಿಂದ ಕೆರೆಯವರೆಗಿನ ದಾರಿಯಲ್ಲಿ
ಪುನುಗು ಬೆಕ್ಕು ಇಟ್ಟುಹೋದದ್ದರ ಲೆಕ್ಕ.
ಯಾವ ಕಲ್ಲಿನ ಮೇಲೆ, ಯಾವ ತಾರೀಕು, ಒಳಗೇನು.
ಜನವರಿಯಲ್ಲಿ ಕಾಫಿ ಬೀಜ, ಪೋಣಿಸಿಟ್ಟ ಹಾಗೆ;
ಮಾರ್ಚಿನಲ್ಲಿ ಅತ್ತಿ; ಆಮೇಲೆ ಬೈನೆಯ ಕಪ್ಪು ಬೀಜ;
ಒಮ್ಮೆ, ಒಂದೇ ಒಂದು ಸಲ, ರಬ್ಬರ್ ಬ್ಯಾಂಡು.
ಅವ್ವ ಆ ಪುಸ್ತಕವನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ.

ಅಪ್ಪ ದಿನಗೂಲಿಯ ಮೇಲೆ ಇಲಾಖೆಯ ಜೀಪು ಓಡಿಸುತ್ತಾರೆ,
ತಿತಿಮತಿಯಿಂದ, ಕರೆ ಬಂದ ಕಡೆ, ಆನೆ ಅಟ್ಟುವುದಕ್ಕೆ.
ಸೀಟಿನಡಿ ಪಟಾಕಿ, ಟಾರ್ಚು, ಒಂದು ಜೊತೆ ಒಣ ಕಾಲುಚೀಲ.
"ಈ ತೋಟದಿಂದ ಆ ತೋಟಕ್ಕೆ, ಆ ತೋಟದಿಂದ ಈ ತೋಟಕ್ಕೆ.
ಇಷ್ಟೇ ಮಗಳೇ ವನ್ಯಜೀವಿ ಶಾಸ್ತ್ರ. ಇದಕ್ಕೂ ಡಿಗ್ರಿ ಬೇಕಾ?"
ಅಂದವರೇ ಮರುದಿನ ಅರ್ಜಿಯ ದುಡ್ಡು ಕೊಟ್ಟರು.
ನೋಟುಗಳಿಗೆ ಮದ್ದಿನ ವಾಸನೆ.

ಅವ್ವನ ಆಯ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು;
ಬಸ್ಸಿನವನ ಕೈಲಿ ಬುತ್ತಿ ಕಳಿಸಬಹುದು.
ಮಾವನದು ನರ್ಸಿಂಗ್: "ಮನುಷ್ಯನೂ ಜೀವಿಯೇ ಅಲ್ವಾ?"
ಬಯಾಲಜಿ ಮೇಡಂ ಅಂದದ್ದು,
"ಮೊದಲು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಸ್ವಲ್ಪ ಗಣಿತ.
ವನ್ಯಜೀವಿ ಎಂ.ಎಸ್ಸಿಗಿರಲಿ. ಹುಲಿಯ ಚಿತ್ರ ನೋಡಿ ಸೇರಬೇಡ."

ಮೊನ್ನೆ ನೀರಿನ ಟ್ಯಾಂಕು ಹತ್ತಿ, ಸಿಗ್ನಲ್ ಹಿಡಿದು,
ಮೂರೂ ಕಡೆ ಫೋನ್ ಮಾಡಿದೆ. ಒಂದೇ ಪ್ರಶ್ನೆ:
ವರ್ಷದಲ್ಲಿ ಎಷ್ಟು ದಿನ ಹೊರಗೆ?
ಮೊದಲನೆಯವರು: "ಹುಡುಗಿಯರು ಆರರ ಮೇಲೆ ಹೊರಗೆ ಹೋಗೋ ಹಾಗಿಲ್ಲ."
ಎರಡನೆಯವರು: "ಎಲ್ಲ ಕ್ಲಾಸ್‌ರೂಮಿಗೂ ಎ.ಸಿ., ನೂರಕ್ಕೆ ನೂರು ಪ್ಲೇಸ್‌ಮೆಂಟು."
ಎಲ್ಲಿಗೆ ಪ್ಲೇಸ್‌ಮೆಂಟು ಅಂದೆ. ಲೈನು ಹೋಯಿತು,
ಅಥವಾ ನಾನೇ ಟ್ಯಾಂಕಿನ ಮೇಲೆ ಅಲ್ಲಾಡಿದೆ.

ಮೂರನೆಯ ಕಡೆ ಎತ್ತಿದವಳು ಲ್ಯಾಬಿನ ಆಳು.
"ಮೇಡಂ ರಜ. ನಾನು ಸ್ಲೈಡು ತೊಳೆಯೋಳು. ಏನಾಗಬೇಕಿತ್ತು?"
ದಿನದ ಲೆಕ್ಕ ಆಕೆಗೆ ಗೊತ್ತಿಲ್ಲ.
"ಮಕ್ಕಳ ಶೂಸಿನಲ್ಲಿ ಯಾವಾಗಲೂ ಕೆಸರು. ಬಯ್ಯೋದೇ ನನ್ನ ಕೆಲಸ."
ತಡೆಯಲಾರದೆ ನೋಟುಬುಕ್ಕಿನ ಕತೆ ಹೇಳಿಬಿಟ್ಟೆ.
ಆಚೆ ಸುರಿಯುತ್ತಿದ್ದ ನಲ್ಲಿ ನಿಂತಿತು.
"ಕಾಫಿ ಕೊಯ್ಲು ಮುಗಿದು ಅತ್ತಿ ಹಣ್ಣಾಗೋ ಮುಂಚೆ,
ನಡುವೆ ಏನು ತಿನ್ನುತ್ತೆ ಅದು?"

ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಪುಟ ತಿರುವಿದೆ. ಫೆಬ್ರವರಿ. ಹದಿನೇಳು ದಿನ ಖಾಲಿ.
ತೋಟದಲ್ಲಿ ಒಂಟಿ ಸಲಗ ನಿಂತಿದ್ದ ದಿನಗಳು;
ದಾರಿಗೆ ಅಡ್ಡ ಹಗ್ಗ ಕಟ್ಟಿದ್ದು ಅಪ್ಪನೇ.
ಬೆಕ್ಕು ಉಪವಾಸ ಇದ್ದಿರಲಾರದು.
ನೋಡದೆ ಇದ್ದದ್ದು ನಾನು.
ಗೊತ್ತಿಲ್ಲ, ಅಂದೆ.
"ನೋಡ್ಕೊಂಡು ಬಾ ಮತ್ತೆ" ಅಂದಳು. ನಲ್ಲಿ ಮತ್ತೆ ಸುರಿಯಿತು.

"ಕರೆಂಟು ಹೋದರೆ ನನ್ನನ್ನು ಕೇಳಬೇಡ" ಅನ್ನುತ್ತಾನೆ ಉನೈಸಣ್ಣ.
ಒಂದನೆಯ ಸಾಲಿಗೆ ಕೆಸರಿನ ಕಾಲೇಜು,
ಅದರ ಹಾಸ್ಟೆಲ್ ಶುಲ್ಕವನ್ನು ಎರಡು ಸಲ ಓದಿ, ಆದರೂ.
ಎರಡನೆಯದಕ್ಕೆ ಪೊನ್ನಂಪೇಟೆ, ಬುತ್ತಿಯ ಋಣಕ್ಕೆ.
ಮೂರನೆಯದನ್ನು ಖಾಲಿ ಬಿಟ್ಟೆ. ಪರದೆ ಕೆಂಪಾಯಿತು.
"ಖಾಲಿ ಬಿಟ್ಟರೆ ಇದು ಒಪ್ಪೋದಿಲ್ಲಮ್ಮ."
ನನ್ನ ನೋಟುಬುಕ್ಕು ಒಪ್ಪುತ್ತದೆ, ಅಂದೆ. ಅವನಿಗೆ ಅರ್ಥವಾಗಲಿಲ್ಲ.
ಪ್ರಾಣಿಶಾಸ್ತ್ರ ಅಂತ ಹೊಡೆಸಿದೆ, ಮೇಡಂ ಹೆಸರಿಗೆ.

ಮೆಟ್ಟಿಲಿಳಿಯುವಾಗ ಅಪ್ಪನ ಫೋನು, ಹಿಂದೆ ಜೀಪಿನ ಹಾರ್ನು.
"ಕೆರೆ ದಾರಿಯಲ್ಲಿ ಬರಬೇಡ, ಮರಿ ಸೇರಿ ಆರಿವೆ."
ಕಾಲೇಜಿನ ಹೆಸರು ಕೇಳಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು,
"ಬೆಕ್ಕಿನದ್ದೇ ಬರೆದ್ಯಾ?"
ಹೂಂ, ಅಂದೆ.
ದೂರದಲ್ಲಿ ಒಂದು ಪಟಾಕಿ ಸಿಡಿಯಿತು.